ವಿಜ್ಞಾನ ಪ್ರಶ್ನೋತ್ತರ: ಪ್ರಮಾಣಿತ ದ್ರಾವಣ ಮತ್ತು ಸಾಮಾನ್ಯ ದ್ರಾವಣ

ಪ್ರಶ್ನೆ: ಪೊಟ್ಯಾಸಿಯಂ ಪರ್ಮಾಂಗನೇಟಿನ ಅನುಮಾಪನ (ಒಂದು ದ್ರಾವಣದಿಂದ ಇನ್ನೊಂದನ್ನು ಅಳೆಯುವ ಟೈಟ್ರೇಶನ್) ಮಾಡುವಾಗ ನಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಮೂರು ಬಾಟಲಿಗಳಿರುತ್ತವೆ. ಒಂದರ ಮೇಲೆ ‘ಪ್ರಮಾಣಿತ ಆಕ್ಸಾಲಿಕ್ ಆಮ್ಲ’ ಎಂದೂ, ಇನ್ನೊಂದರ ಮೇಲೆ ‘ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ’ ಎಂದೂ, ಮೂರನೆಯದರ ಮೇಲೆ ಬರೀ ‘ಪೊಟ್ಯಾಸಿಯಂ ಪರ್ಮಾಂಗನೇಟ್’ ಎಂದೂ ಬರೆದಿರುತ್ತದೆ. ಮೂರೂ ನೀರಿನಲ್ಲಿ ಮಾಡಿದ ದ್ರಾವಣಗಳೇ ಆಗಿರುವಾಗ ಒಂದಕ್ಕೆ ಮಾತ್ರ ಈ ಹೆಸರೇಕೆ? ಅದು ಹೆಚ್ಚು ಶುದ್ಧವೇ, ಹೆಚ್ಚು ಪ್ರಬಲವೇ? ಸರಿಯಾಗಿ ಒಂದು ಮೋಲಾರ್ ಇರುವ ದ್ರಾವಣಕ್ಕೆ ಪ್ರಮಾಣಿತ ಎನ್ನುತ್ತಾರೆಂದು ನನ್ನ ಗೆಳತಿ ಹೇಳುತ್ತಾಳೆ, ಅದು ನಿಜವೇ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಸಾರತೆ, ಎಂದರೆ ಇಂತಿಷ್ಟು ದ್ರಾವಣದಲ್ಲಿ ಕರಗಿರುವ ವಸ್ತುವಿನ ಪ್ರಮಾಣ, ಎಷ್ಟೆಂಬುದು ನಿಖರವಾಗಿ ತಿಳಿದಿರುವ ದ್ರಾವಣವೇ ಪ್ರಮಾಣಿತ ದ್ರಾವಣ. ಅದು ಪ್ರಬಲವಾಗಿರಬೇಕಾಗಿಲ್ಲ, ಒಂದು ಮೋಲಾರ್ (ಲೀಟರಿಗೆ ಒಂದು ಮೋಲ್; ಮೋಲ್ ಎಂಬುದು ಕಣಗಳನ್ನು ಎಣಿಸುವ ಮಾನ) ಆಗಿರಬೇಕಾಗಿಯೂ ಇಲ್ಲ. 0.0502 ಮೋಲಾರ್ ಎಂಬ ಅಡ್ಡಾದಿಡ್ಡಿ ಸಂಖ್ಯೆಯ ದ್ರಾವಣವೂ, ಆ ನಾಲ್ಕನೆಯ ದಶಮಾಂಶದವರೆಗೆ ಅದನ್ನು ನಂಬಬಹುದಾದರೆ, ಪ್ರಮಾಣಿತವೇ. ಅದೇ ವೇಳೆ ಪ್ರಯೋಗಾಲಯದ ಕಪಾಟಿನಲ್ಲಿ ಹೊಗೆಯಾಡುವ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ಎಷ್ಟೇ ಪ್ರಬಲವಾಗಿದ್ದರೂ, ಸುಮಾರು 12 ಮೋಲಾರ್ ಎಂದು ಎಲ್ಲರಿಗೂ ಗೊತ್ತಿದ್ದರೂ, ಪ್ರಮಾಣಿತವಲ್ಲ. ಮುಚ್ಚಳ ತೆರೆದಾಗಲೆಲ್ಲ ಅದರಿಂದ ಅನಿಲ ಹೊರಹೋಗುತ್ತಿರುವುದರಿಂದ ಆ ‘ಸುಮಾರು’ ಎಂಬ ಪದವನ್ನು ತೆಗೆದುಹಾಕಲು ನಮಗೆ ಬರುವುದಿಲ್ಲ. ನಿಮ್ಮ ಗೆಳತಿಗೆ ಬಹುಶಃ ವಿದ್ಯುದ್ರಸಾಯನದ ಪಾಠದಲ್ಲಿ ಬರುವ ಪ್ರಮಾಣಿತ ಹೈಡ್ರೋಜನ್ ಎಲೆಕ್ಟ್ರೋಡು ನೆನಪಿಗೆ ಬಂದಿರಬೇಕು. ಅಲ್ಲಿ ಒಂದು ಮೋಲಾರ್ ಎಂಬ ಷರತ್ತು ನಿಜವಾಗಿಯೂ ಇದೆ, ಆದರೆ ಅದು ಬೇರೆಯೇ ವಿಷಯ.

ಹಾಗಾದರೆ ನಿಮ್ಮ ಮೇಜಿನ ಮೇಲಿರುವ ಮೂರು ಬಾಟಲಿಗಳನ್ನೇ ನೋಡೋಣ. ಈ ವ್ಯತ್ಯಾಸವನ್ನು ಅರಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಪರ್ಮಾಂಗನೇಟಿನ ಸಾರತೆಯನ್ನು ಕಂಡುಹಿಡಿಯುವುದು ಪ್ರಯೋಗದ ಗುರಿ. ಅದಕ್ಕಾಗಿ ಸಾರತೆ ಗೊತ್ತಿರುವ ಆಕ್ಸಾಲಿಕ್ ಆಮ್ಲದ ಎದುರು ಅದನ್ನು ಇಡುತ್ತೇವೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸರಕು, ಇನ್ನೊಂದು ತಟ್ಟೆಯಲ್ಲಿ ಸರ್ಕಾರದ ಮುದ್ರೆ ಬಿದ್ದ ತೂಕದ ಬಟ್ಟು ಇದ್ದಂತೆ ಇಲ್ಲಿ ಆಕ್ಸಾಲಿಕ್ ಆಮ್ಲವು ಬಟ್ಟಿನ ಸ್ಥಾನದಲ್ಲಿದೆ. ಬಟ್ಟು ಸುಳ್ಳಾದರೆ ಎಷ್ಟು ಎಚ್ಚರಿಕೆಯಿಂದ ತೂಗಿದರೂ ತೂಕ ಸುಳ್ಳೇ. ಪಿಪೆಟ್ಟಿನಿಂದ ತೆಗೆದ 10 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲಕ್ಕೆ ಬ್ಯೂರೆಟ್ಟಿನಿಂದ 9.8 ಮಿ.ಲೀ. ಪರ್ಮಾಂಗನೇಟ್ ಬೇಕಾಯಿತೆಂದುಕೊಳ್ಳಿ. ಎರಡು ಮೋಲ್ ಪರ್ಮಾಂಗನೇಟಿಗೆ ಐದು ಮೋಲ್ ಆಕ್ಸಾಲಿಕ್ ಆಮ್ಲ ಎಂಬ ಲೆಕ್ಕದಲ್ಲಿ ಪರ್ಮಾಂಗನೇಟಿನ ಸಾರತೆ 0.0204 ಮೋಲಾರ್ ಎಂದು ಬರುತ್ತದೆ. ಈ ಉತ್ತರ ಎಷ್ಟರ ಮಟ್ಟಿಗೆ ನಂಬಲರ್ಹ ಎಂಬುದನ್ನು ಆ 0.05 ಎಂಬ ಅಂಕಿ ಎಷ್ಟು ನಂಬಲರ್ಹ ಎಂಬುದೇ ನಿರ್ಧರಿಸುತ್ತದೆ.

ಇನ್ನು ಸಲ್ಫ್ಯೂರಿಕ್ ಆಮ್ಲದ ವಿಷಯ. ಅದನ್ನು ಪಿಪೆಟ್ಟಿನಿಂದ ಅಳೆಯುವುದಿಲ್ಲ. ಅಳತೆ ಜಾಡಿಯಲ್ಲೋ ಪರೀಕ್ಷಾ ನಳಿಕೆಯಲ್ಲೋ ಅಂದಾಜಾಗಿ ತೆಗೆದುಕೊಂಡು ಫ್ಲಾಸ್ಕಿಗೆ ಸುರಿಯುತ್ತೇವೆ. ಪರ್ಮಾಂಗನೇಟ್ ಸಂಪೂರ್ಣವಾಗಿ ಅಪಕರ್ಷಣಗೊಂಡು ಬಣ್ಣವಿಲ್ಲದ ಮ್ಯಾಂಗನೀಸ್ ಅಯಾನಾಗಲು ಸಾಕಷ್ಟು ಆಮ್ಲ ಬೇಕು, ಅಷ್ಟೇ ಅದರ ಕೆಲಸ. ಕಡಿಮೆಯಾದರೆ ಫ್ಲಾಸ್ಕಿನಲ್ಲಿ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಬಣ್ಣ ಕಾಣಿಸಿಕೊಂಡು ಪ್ರಯೋಗ ಕೆಡುತ್ತದೆ, ಆದರೆ ಸಾಕಾದುದಕ್ಕಿಂತ ಎರಡು ಮಿ.ಲೀ. ಹೆಚ್ಚಾದರೆ ಉತ್ತರದಲ್ಲಿ ಏನೂ ಬದಲಾಗುವುದಿಲ್ಲ, ಏಕೆಂದರೆ ಅದರ ಪ್ರಮಾಣ ಲೆಕ್ಕದಲ್ಲಿ ಎಲ್ಲಿಯೂ ಬರುವುದೇ ಇಲ್ಲ. ಹೀಗಾಗಿ ಆ ಬಾಟಲಿಯ ಮೇಲೆ ‘ಸಾರರಿಕ್ತ’ ಎಂದಷ್ಟೇ ಬರೆದರೆ ಸಾಕು. ಅದನ್ನೂ ಪ್ರಮಾಣೀಕರಿಸಲು ಹೊರಟವರು ಶ್ರಮಜೀವಿಗಳೇ ಹೊರತು ಒಳ್ಳೆಯ ರಸಾಯನಶಾಸ್ತ್ರಜ್ಞರಲ್ಲ. (ಅದು ಸಲ್ಫ್ಯೂರಿಕ್ ಆಮ್ಲವೇ ಆಗಿರಬೇಕೆಂಬುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿದರೆ ಅದರ ಕ್ಲೋರೈಡನ್ನು ಉತ್ಕರ್ಷಿಸಲು ಪರ್ಮಾಂಗನೇಟಿನ ಒಂದು ಭಾಗ ವ್ಯಯವಾಗುತ್ತದೆ, ನೈಟ್ರಿಕ್ ಆಮ್ಲವಾದರೆ ತಾನೇ ಉತ್ಕರ್ಷಕ.)

ಪಾತ್ರೆ ತೊಳೆಯುವ ನಿಯಮಗಳೂ ಇದೇ ತರ್ಕದಿಂದ ಹುಟ್ಟಿದವು, ಆದರೆ ಅನೇಕರು ಅವುಗಳನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ಬ್ಯೂರೆಟ್ ಮತ್ತು ಪಿಪೆಟ್ಟನ್ನು ನೀರಿನಿಂದ ತೊಳೆದ ಮೇಲೆ, ಅವುಗಳಲ್ಲಿ ತುಂಬಲಿರುವ ದ್ರಾವಣದಿಂದ ಮತ್ತೊಮ್ಮೆ ತೊಳೆಯಬೇಕು, ಇಲ್ಲವಾದರೆ ಗೋಡೆಗಂಟಿದ ನೀರಿನ ಹನಿಗಳು ದ್ರಾವಣವನ್ನು ತೆಳುವಾಗಿಸಿ ನಾವು ನಂಬಿರುವ ಅಂಕಿಯನ್ನು ಕೆಡಿಸುತ್ತವೆ. ಶಂಕುವಿನಾಕಾರದ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆಯಬೇಕು. ಅದನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆದರೆ ಪಿಪೆಟ್ ಅಳೆದು ಕೊಟ್ಟದ್ದಕ್ಕಿಂತ ಹೆಚ್ಚು ಆಮ್ಲ ಅದರಲ್ಲಿ ಉಳಿದುಬಿಡುತ್ತದೆ. ಫ್ಲಾಸ್ಕಿನಲ್ಲಿ ನೀರು ಉಳಿದಿದ್ದರೆ ತೊಂದರೆಯಿಲ್ಲ. ನೀರು ಎಷ್ಟೇ ಸೇರಿದರೂ ಒಳಗೆ ಬಿದ್ದ ಆಮ್ಲದ ಮೋಲುಗಳ ಸಂಖ್ಯೆ ಅಷ್ಟೇ ಇರುತ್ತದೆಯಲ್ಲವೇ?

ಪ್ರಮಾಣಿತ ಆಕ್ಸಾಲಿಕ್ ಆಮ್ಲ ತಯಾರಾಗುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಆ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲವೆಂದು ತಿಳಿಯುತ್ತದೆ. 250 ಮಿ.ಲೀ. 0.05 ಮೋಲಾರ್ ದ್ರಾವಣಕ್ಕೆ, ಎರಡು ಸ್ಫಟಿಕ ಜಲಾಣುಗಳನ್ನೂ ಸೇರಿಸಿ 126.07 ಮೋಲಾರ್ ರಾಶಿಯಿರುವ (ಒಂದು ಮೋಲ್ ಅಷ್ಟು ಗ್ರಾಂ ತೂಗುವ) ಆಕ್ಸಾಲಿಕ್ ಆಮ್ಲ 1.5759 ಗ್ರಾಂ ಬೇಕು. ತೂಕದ ಬಾಟಲಿಯಲ್ಲಿ ಸ್ಫಟಿಕಗಳನ್ನಿಟ್ಟು ತೂಗಿ, ಆಲಿಕೆಯ ಮೂಲಕ ಫ್ಲಾಸ್ಕಿಗೆ ಜಾರಿಸಿ, ಖಾಲಿ ಬಾಟಲಿಯನ್ನು ಮತ್ತೆ ತೂಗಬೇಕು. ಎರಡರ ಅಂತರವೇ ಒಳಗೆ ಹೋದ ಆಮ್ಲದ ನಿಜವಾದ ತೂಕ, ಏಕೆಂದರೆ ಬಾಟಲಿಯ ಗೋಡೆಗೆ ಅಂಟಿ ಉಳಿದ ಪುಡಿ ಹೀಗೆ ತೂಗಿದಾಗ ತಾನಾಗಿಯೇ ಲೆಕ್ಕದಿಂದ ಹೊರಗಾಗುತ್ತದೆ. ಆಲಿಕೆಯನ್ನು ಬಟ್ಟಿ ಇಳಿಸಿದ ನೀರಿನಿಂದ ಹಲವು ಬಾರಿ ತೊಳೆದು ಆ ನೀರನ್ನೂ ಒಳಗೇ ಬಿಡಬೇಕು. ಪೂರ್ತಿ ಕರಗಿದ ಮೇಲೆ ಕತ್ತಿನ ಗುರುತಿನ ಹತ್ತಿರದವರೆಗೆ ನೀರು ತುಂಬಿ, ಕೊನೆಯದನ್ನು ಹನಿಹನಿಯಾಗಿ ಸೇರಿಸಿ, ಕಣ್ಣನ್ನು ಗುರುತಿನ ಮಟ್ಟಕ್ಕೆ ತಂದು, ದ್ರವದ ಬಾಗಿದ ಮೇಲ್ಮೈಯ ತಳ ಆ ಗೆರೆಯನ್ನು ಮುಟ್ಟುವಂತೆ ನೋಡಿಕೊಳ್ಳಬೇಕು. ನಂತರ ಬಿರಡೆ ಹಾಕಿ ಫ್ಲಾಸ್ಕನ್ನು ಹಲವು ಬಾರಿ ತಲೆಕೆಳಗು ಮಾಡಿ ಕಲಸಬೇಕು. ಈ ಕೊನೆಯ ಹಂತವನ್ನು ಅವಸರದಲ್ಲಿ ಬಿಟ್ಟವರ ದ್ರಾವಣ ಕತ್ತಿನಲ್ಲಿ ತೆಳುವಾಗಿಯೂ ತಳದಲ್ಲಿ ಗಟ್ಟಿಯಾಗಿಯೂ ಉಳಿದು, ಒಂದೊಂದು ಪಿಪೆಟ್ಟಿಗೆ ಒಂದೊಂದು ಉತ್ತರ ಕೊಡುತ್ತದೆ.

ಸರಿಯಾಗಿ 1.5759 ಗ್ರಾಮನ್ನೇ ತೂಗಬೇಕೆಂದು ಚಮಚದ ತುದಿಯಿಂದ ಒಂದೊಂದೇ ಹರಳನ್ನು ಹಾಕುತ್ತ ತೆಗೆಯುತ್ತ ಕೂರುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷವೂ ಕಾಣಬಹುದು. ಅದರ ಅಗತ್ಯವಿಲ್ಲ. 1.5823 ಗ್ರಾಂ ಬಿದ್ದಿದ್ದರೆ ಹಾಗೆಯೇ ಬರೆದುಕೊಂಡು ಸಾರತೆಯನ್ನು 0.0502 ಮೋಲಾರ್ ಎಂದು ಲೆಕ್ಕ ಹಾಕಿದರೆ ಮುಗಿಯಿತು. ಸಂಖ್ಯೆ ಅಂದವಾಗಿರಬೇಕೆಂದು ಯಾರೂ ಕೇಳಿಲ್ಲ, ಸತ್ಯವಾಗಿರಬೇಕು. ನಮ್ಮ ಪ್ರಯೋಗಾಲಯಗಳಲ್ಲಿ ಈ ಉದ್ದ ಕತ್ತಿನ ಪಾತ್ರೆಯನ್ನು ‘ಸ್ಟ್ಯಾಂಡರ್ಡ್ ಫ್ಲಾಸ್ಕ್’ ಎಂದು ಕರೆಯುವ ರೂಢಿಯಿರುವುದರಿಂದ, ಅದರಲ್ಲಿ ಮಾಡಿದ್ದೆಲ್ಲ ಪ್ರಮಾಣಿತ ದ್ರಾವಣವಾಗುತ್ತದೆಂಬ ಭ್ರಮೆಯೂ ಕೆಲವರಲ್ಲಿದೆ. ಫ್ಲಾಸ್ಕು ಗಾತ್ರವೊಂದನ್ನೇ ಖಾತರಿಪಡಿಸುತ್ತದೆ. ಒಳಗೆ ಹಾಕಿದ ವಸ್ತುವಿನ ಬಗ್ಗೆ ಅದಕ್ಕೇನೂ ಗೊತ್ತಿಲ್ಲ, ಮುಂದಿನ ಪ್ರಶ್ನೆ ಅದರ ಬಗ್ಗೆಯೇ ಇದೆ.

ಪ್ರಶ್ನೆ: ಪೊಟ್ಯಾಸಿಯಂ ಪರ್ಮಾಂಗನೇಟನ್ನು ನಾಲ್ಕು ದಶಮಾಂಶಗಳ ತಕ್ಕಡಿಯಲ್ಲಿ ತೂಗಿ, ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಿಸಿದರೂ ನಮ್ಮ ಪ್ರಾಧ್ಯಾಪಕರು ಅದನ್ನು ಪ್ರಮಾಣಿತವೆಂದು ಒಪ್ಪುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡಿನದೂ ಅದೇ ಕಥೆ. ತೂಕವೂ ಸರಿ, ಗಾತ್ರವೂ ಸರಿ ಎಂದಮೇಲೆ ತಪ್ಪೇನು?
— ಬಿ.ಎಸ್ಸಿ. ವಿದ್ಯಾರ್ಥಿ, ಶಿರಸಿ

ಉತ್ತರ: ನೀವು ತೂಗಿದ್ದು ಏನನ್ನು ಎಂಬುದೇ ಅಲ್ಲಿ ಅನುಮಾನದಲ್ಲಿದೆ. ಒಂದು ಲೀಟರ್ 0.02 ಮೋಲಾರ್ ದ್ರಾವಣಕ್ಕೆ ಪರ್ಮಾಂಗನೇಟ್ ಸುಮಾರು 3.16 ಗ್ರಾಂ ಬೇಕು. ಆದರೆ ಆ ಹರಳುಗಳಲ್ಲಿ ಬಹುಮಟ್ಟಿಗೆ ಯಾವಾಗಲೂ ಅಲ್ಪಸ್ವಲ್ಪ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆತಿರುತ್ತದೆ. ನೀರಿನಲ್ಲಿರುವ ಧೂಳು ಮತ್ತು ಸಾವಯವ ಕಲ್ಮಶಗಳೊಂದಿಗೆ ಪರ್ಮಾಂಗನೇಟ್ ಪ್ರತಿವರ್ತಿಸಿ ಇನ್ನಷ್ಟು ಮ್ಯಾಂಗನೀಸ್ ಡೈಆಕ್ಸೈಡನ್ನು ಹುಟ್ಟಿಸುತ್ತದೆ; ಹುಟ್ಟಿದ ಆ ಕಂದು ಪುಡಿ ತಾನೇ ವೇಗವರ್ಧಕವಾಗಿ ಉಳಿದ ಪರ್ಮಾಂಗನೇಟಿನ ವಿಭಜನೆಯನ್ನು ಚುರುಕುಗೊಳಿಸುತ್ತದೆ; ಬೆಳಕೂ ಅದಕ್ಕೆ ಕೈಜೋಡಿಸುತ್ತದೆ. ಆದ್ದರಿಂದಲೇ ದ್ರಾವಣವನ್ನು ಕುದಿಸಿ, ತಣಿಸಿ, ಕೆಲಕಾಲ ಇಟ್ಟು, ಗಾಜಿನ ನಾರಿನ ಮೂಲಕ ಸೋಸಿ, ಕಂದು ಬಣ್ಣದ ಬಾಟಲಿಯಲ್ಲಿ ಕತ್ತಲೆಯಲ್ಲಿಡುವ ಪದ್ಧತಿ ಬಂದಿದೆ. ಸೋಸಲು ಕಾಗದವನ್ನು ಬಳಸುವಂತಿಲ್ಲ, ಕಾಗದವೂ ಸಾವಯವ ವಸ್ತುವೇ. ಇಷ್ಟೆಲ್ಲ ಮಾಡಿದ ಮೇಲೂ ಅದರ ಸಾರತೆ ‘ಸುಮಾರು 0.02’ ಆಗಿಯೇ ಉಳಿಯುತ್ತದೆ. ಆಕ್ಸಾಲಿಕ್ ಆಮ್ಲದ ಎದುರು ಅನುಮಾಪನ ಮಾಡಿ ನಿಜವಾದ ಅಂಕಿಯನ್ನು ಕಂಡುಕೊಂಡ ಕ್ಷಣದಿಂದ ಅದು ಪ್ರಮಾಣಿತ ದ್ರಾವಣ, ದ್ವಿತೀಯಕ ದರ್ಜೆಯದು.

ಸೋಡಿಯಂ ಹೈಡ್ರಾಕ್ಸೈಡಿನ ಚಂಚಲತೆಯನ್ನು ನಿಮ್ಮೂರಿನ ಮಳೆಗಾಲದಲ್ಲಿ ಕಣ್ಣಾರೆ ನೋಡಬಹುದು. ಡಿಜಿಟಲ್ ತಕ್ಕಡಿಯ ಮೇಲೆ ವಾಚ್ ಗ್ಲಾಸ್ ಇಟ್ಟು ಅದರ ಮೇಲೆ ಕೆಲವು ಗುಳಿಗೆಗಳನ್ನು ಹಾಕಿದರೆ ಕೊನೆಯ ಅಂಕಿಗಳು ನಿಲ್ಲುವುದೇ ಇಲ್ಲ, ಏರುತ್ತಲೇ ಹೋಗುತ್ತವೆ. ಒಂದೆರಡು ನಿಮಿಷಗಳಲ್ಲಿ ಗುಳಿಗೆಗಳ ಮೈ ಹೊಳೆಯತೊಡಗಿ, ಮುಟ್ಟಿದರೆ ಜಾರುವಂತಾಗುತ್ತವೆ (ಮುಟ್ಟಬೇಡಿ, ಚರ್ಮ ಸುಡುತ್ತದೆ). ಅವು ಗಾಳಿಯಿಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಒಟ್ಟಿಗೇ ಹೀರಿಕೊಳ್ಳುತ್ತಿವೆ. ಹೀಗಿರುವಾಗ ನೀವು ಬರೆದುಕೊಂಡ ನಾಲ್ಕು ದಶಮಾಂಶಗಳ ತೂಕದಲ್ಲಿ ಹೈಡ್ರಾಕ್ಸೈಡ್ ಎಷ್ಟು, ನೀರೆಷ್ಟು, ಕಾರ್ಬೊನೇಟ್ ಎಷ್ಟು ಎಂದು ಯಾರು ಹೇಳಬೇಕು? ಆದುದರಿಂದ ಇಂಥ ವಸ್ತುವನ್ನು ಅಂದಾಜಾಗಿ ತೂಗಿ, ಅಂದಾಜು ದ್ರಾವಣ ಮಾಡಿ, ಆಮೇಲೆ ಪ್ರಮಾಣೀಕರಿಸುವುದೇ ಕ್ರಮ. ನಾಲ್ಕು ದಶಮಾಂಶಗಳ ತಕ್ಕಡಿಯ ಮುಂದೆ ಸೋಡಿಯಂ ಹೈಡ್ರಾಕ್ಸೈಡನ್ನು ಹಿಡಿದು ಪರದಾಡುವುದು ಸಮಯದ ವ್ಯಯವಷ್ಟೇ ಅಲ್ಲ, ತಕ್ಕಡಿಗೂ ಕೇಡು.

ನೇರವಾಗಿ ತೂಗಿ ಪ್ರಮಾಣಿತ ದ್ರಾವಣ ಮಾಡಬಹುದಾದ ವಸ್ತುವನ್ನು ಪ್ರಾಥಮಿಕ ಪ್ರಮಾಣಕ ಎನ್ನುತ್ತಾರೆ. ಅದು ಅತ್ಯಂತ ಶುದ್ಧವಾಗಿ ಸಿಗಬೇಕು, ಗಾಳಿಯಲ್ಲಿ ತೂಗುವಾಗ ತೇವ ಹೀರಬಾರದು, ತನ್ನ ಸ್ಫಟಿಕ ಜಲವನ್ನು ಕಳೆದುಕೊಳ್ಳಲೂಬಾರದು, ಪ್ರತಿವರ್ತನೆ ಒಂದೇ ದಾರಿಯಲ್ಲಿ ಪೂರ್ಣವಾಗಿ ನಡೆಯಬೇಕು. ಮೋಲಾರ್ ರಾಶಿ ದೊಡ್ಡದಿದ್ದಷ್ಟೂ ಒಳ್ಳೆಯದು. ಸೋಡಿಯಂ ಹೈಡ್ರಾಕ್ಸೈಡನ್ನು ಪ್ರಮಾಣೀಕರಿಸಲು ಬಳಸುವ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟಿನ ಮೋಲಾರ್ ರಾಶಿ 204.22, 250 ಮಿ.ಲೀ. 0.1 ಮೋಲಾರ್ ದ್ರಾವಣಕ್ಕೆ ಐದು ಗ್ರಾಮಿಗಿಂತ ಸ್ವಲ್ಪ ಹೆಚ್ಚೇ ಬೇಕಾಗುವುದರಿಂದ ತಕ್ಕಡಿಯ ಅದೇ ಸಣ್ಣ ತಪ್ಪು ಅಲ್ಲಿ ಕಡಿಮೆ ತೂಗುತ್ತದೆ. ನಿರ್ಜಲ ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಡೈಕ್ರೋಮೇಟ್, ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಅಯೊಡೇಟ್ ಇವೆಲ್ಲ ಈ ಪಟ್ಟಿಯಲ್ಲಿವೆ. ಡೈಕ್ರೋಮೇಟ್ ಅಂತೂ ಒಲೆಯಲ್ಲಿ ಒಣಗಿಸಿ ತೂಗಿ ಕರಗಿಸಿದರೆ ತಿಂಗಳುಗಟ್ಟಲೆ ಅಲುಗಾಡದೆ ಇರುತ್ತದೆ. ಆಕ್ಸಾಲಿಕ್ ಆಮ್ಲವನ್ನು ಕಾಲೇಜುಗಳಲ್ಲಿ ಪ್ರಾಥಮಿಕ ಪ್ರಮಾಣಕವಾಗಿ ಬಳಸುವುದು ರೂಢಿಯಾದರೂ, ಅದನ್ನು ಒಲೆಯಲ್ಲಿ ಒಣಗಿಸಲು ಹೋದರೆ ಸ್ಫಟಿಕ ಜಲ ಹೊರಟುಹೋಗಿ 126.07 ಎಂಬ ಲೆಕ್ಕವೇ ತಪ್ಪುತ್ತದೆ, ಆದ್ದರಿಂದ ಅದನ್ನು ಒಲೆಗೆ ಇಡಬಾರದು.

ಪ್ರಾಥಮಿಕ ಪ್ರಮಾಣಕ ಶುದ್ಧವೆಂದು ನಮಗೆ ಯಾರು ಹೇಳಿದರು ಎಂದು ಮುಂದುವರಿಸಿ ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆಯೇ. ಅದಕ್ಕಾಗಿ ಪ್ರಮಾಣಪತ್ರದೊಂದಿಗೆ ಬರುವ ಉಲ್ಲೇಖ ವಸ್ತುಗಳಿವೆ. ನಮ್ಮ ದೇಶದಲ್ಲಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೇಲ್ವಿಚಾರಣೆಯಲ್ಲಿ ಇಂಥವು ‘ಭಾರತೀಯ ನಿರ್ದೇಶಕ ದ್ರವ್ಯ’ ಎಂಬ ಹೆಸರಿನಲ್ಲಿ ತಯಾರಾಗುತ್ತವೆ.

ಪ್ರಶ್ನೆ: ನಮ್ಮ ಹಾಲು ಶೀತಲೀಕರಣ ಕೇಂದ್ರದಲ್ಲಿ ಹಾಲಿನ ಆಮ್ಲೀಯತೆಯನ್ನು ಎನ್ ಬೈ ಟೆನ್ (0.1 ನಾರ್ಮಲ್) ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಫಿನಾಲ್ಫ್ತಲೀನ್ ಎಂಬ ಬಣ್ಣದ ಸೂಚಕ ಬಳಸಿ ನೋಡುತ್ತೇವೆ. ಹೊಸ ಬಾಟಲಿ ತೆರೆದ ದಿನ ಸರಿಯಿದ್ದ ರೀಡಿಂಗು ಬಾಟಲಿ ಹಳೆಯದಾದಂತೆ ಏರುತ್ತ ಬರುತ್ತದೆ. ಹಾಲು ಅದೇ ಊರುಗಳದು, ಬರುವ ಸಮಯವೂ ಅದೇ. ಬಾಟಲಿಯ ಮೇಲೆ ‘ಸ್ಟ್ಯಾಂಡರ್ಡ್’ ಎಂದು ಬರೆದಿರುವಾಗ ಹೀಗೇಕೆ?
— ಕೇಂದ್ರದ ಸಿಬ್ಬಂದಿ, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ, ಹಾಲನ್ನು ಬಿಟ್ಟು ಬಾಟಲಿಯನ್ನು ಪರೀಕ್ಷಿಸಬೇಕು. ಪ್ರಮಾಣಿತವೆಂಬುದು ದ್ರಾವಣದ ಹುಟ್ಟುಗುಣವಲ್ಲ. ಒಂದು ದಿನ ಪರೀಕ್ಷಿಸಿ ಬರೆದ ಅಂಕಿಯದು, ಆ ಅಂಕಿ ಹಾಗೆಯೇ ಉಳಿಯುವವರೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯನ್ನು ದಿನಕ್ಕೆ ಹಲವು ಬಾರಿ ತೆರೆದಾಗ ಒಳಗೆ ಹೋಗುವ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅದರೊಂದಿಗೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಫಿನಾಲ್ಫ್ತಲೀನ್ ಬಣ್ಣ ಬದಲಿಸುವ ಹಂತದಲ್ಲಿ ಕಾರ್ಬೊನೇಟು ಬೈಕಾರ್ಬೊನೇಟಿನವರೆಗೆ ಮಾತ್ರ ಪ್ರತಿವರ್ತಿಸುವುದರಿಂದ, ಹೀಗೆ ಖರ್ಚಾದ ಪ್ರತಿ ಎರಡು ಹೈಡ್ರಾಕ್ಸೈಡಿನಲ್ಲಿ ಒಂದು ನಿಮ್ಮ ಕೆಲಸಕ್ಕೆ ಬಾರದಂತಾಗುತ್ತದೆ. ದ್ರಾವಣ ಹೀಗೆ ದುರ್ಬಲವಾದಷ್ಟೂ ಅದೇ ಹಾಲಿಗೆ ಹೆಚ್ಚು ಮಿ.ಲೀ. ಬೇಕಾಗುತ್ತದೆ.

ಈ ತಪ್ಪು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಒಂದು ಮಿ.ಲೀ. 0.1 ನಾರ್ಮಲ್ ಕ್ಷಾರ 0.009 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಸಮ. 10 ಮಿ.ಲೀ. ತಾಜಾ ಹಾಲಿಗೆ 1.5 ಮಿ.ಲೀ. ಬೇಕಾದರೆ ಆಮ್ಲೀಯತೆ ಶೇಕಡ 0.135. ಕ್ಷಾರದ ಸಾರತೆ ನಿಮಗೆ ತಿಳಿಯದಂತೆ 0.09ಕ್ಕೆ ಇಳಿದಿದ್ದರೆ ಅದೇ ಹಾಲು ಸುಮಾರು 1.67 ಮಿ.ಲೀ. ಕುಡಿಯುತ್ತದೆ, ನಿಮ್ಮ ಪುಸ್ತಕದಲ್ಲಿ ಶೇಕಡ 0.15 ಎಂದು ದಾಖಲಾಗುತ್ತದೆ. ಹಾಲು ಹುಳಿಯಾಗಿಲ್ಲ, ಆದರೂ ಅನುಮಾನದ ಪಟ್ಟಿಗೆ ಸೇರಿತು. ಹಳೆಯ ಬಾಟಲಿಯ ದೆಸೆಯಿಂದ ಒಳ್ಳೆಯ ಹಾಲು ತಂದ ರೈತನ ಕ್ಯಾನು ವಾಪಸು ಹೋಗಬಹುದು. ತಪ್ಪು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ, ಯಾವಾಗಲೂ ರೈತನ ಕಡೆಗೇ ವಾಲುತ್ತದೆ. ನಿಮ್ಮ ಪ್ರಶ್ನೆ ಮಹತ್ವದ್ದೆಂದು ನನಗೆ ತೋರುವುದು ಈ ಕಾರಣಕ್ಕೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ದೊಡ್ಡ ಬಾಟಲಿಯಿಂದ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ತೆಗೆದುಕೊಂಡು ದೊಡ್ಡದನ್ನು ಬಿಗಿಯಾಗಿ ಮುಚ್ಚಿಡಿ. ಕ್ಷಾರವು ಗಾಜನ್ನು ನಿಧಾನವಾಗಿ ಕೊರೆಯುತ್ತದೆ, ಗಾಜಿನ ಬಿರಡೆ ಕತ್ತಿಗೆ ಕಚ್ಚಿಕೊಂಡು ಬಿಡುತ್ತದೆ, ಆದ್ದರಿಂದ ಪ್ಲಾಸ್ಟಿಕ್ಕೇ ಲೇಸು. ಜಿಲ್ಲಾ ಒಕ್ಕೂಟದ ಪ್ರಯೋಗಾಲಯದಿಂದ ಪ್ರಮಾಣಿತ ಆಕ್ಸಾಲಿಕ್ ಆಮ್ಲವನ್ನೋ ಥ್ಯಾಲೇಟ್ ದ್ರಾವಣವನ್ನೋ ತರಿಸಿಕೊಂಡು ವಾರಕ್ಕೊಮ್ಮೆ ನಿಮ್ಮ ಕ್ಷಾರವನ್ನು ಅದರೆದುರು ಅಳೆಯಿರಿ. ಅಂಕಿ ಬದಲಾಗಿದ್ದರೆ ದ್ರಾವಣವನ್ನು ಚೆಲ್ಲಲೇಬೇಕೆಂದಿಲ್ಲ, ಹೊಸ ಅಂಕಿಯನ್ನೂ ದಿನಾಂಕವನ್ನೂ ಬಾಟಲಿಯ ಮೇಲೆ ಬರೆದು ಲೆಕ್ಕದಲ್ಲಿ ಅದನ್ನೇ ಬಳಸಿದರೆ ಅದು ಮತ್ತೆ ಪ್ರಮಾಣಿತ ದ್ರಾವಣವೇ. ನಿಮ್ಮ ಪತ್ರದಲ್ಲಿ ಹೇಳದ ಒಂದು ಮಾತು: ಕೆಲವು ಕೇಂದ್ರಗಳಲ್ಲಿ ಎನ್ ಬೈ ನೈನ್ ಕ್ಷಾರವನ್ನು ಬಳಸುತ್ತಾರೆ, ಅದರಲ್ಲಿ ಒಂದು ಮಿ.ಲೀ. 0.01 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಸಮವಾಗುವುದರಿಂದ 10 ಮಿ.ಲೀ. ಹಾಲಿಗೆ ಬಂದ ರೀಡಿಂಗನ್ನು ಹತ್ತರಿಂದ ಭಾಗಿಸಿದರೆ ಶೇಕಡಾವಾರು ನೇರವಾಗಿ ಸಿಗುತ್ತದೆ. ಎರಡರ ಬಾಟಲಿಗಳೂ ಒಂದೇ ಕಪಾಟಿನಲ್ಲಿದ್ದರೆ ಅದಲುಬದಲಾಗದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಎರಡು ದಶಮಾಂಶಗಳ ಸಣ್ಣ ಡಿಜಿಟಲ್ ತಕ್ಕಡಿ ಮಾತ್ರ ಇದೆ. ಇದರಲ್ಲಿ ತೂಗಿ ಪ್ರಮಾಣಿತ ದ್ರಾವಣ ಮಾಡಿದೆವೆಂದು ಮಕ್ಕಳಿಗೆ ಹೇಳಿದರೆ ಸುಳ್ಳಾದೀತೇ? ಬೇಸಗೆಯಲ್ಲಿ ನಮ್ಮ ಕಡೆ ತಾಪಮಾನ 40 ಡಿಗ್ರಿ ಮುಟ್ಟುತ್ತದೆ, ಅದರಿಂದಲೂ ತೊಂದರೆ ಇದೆಯೇ?
— ವಿಜ್ಞಾನ ಶಿಕ್ಷಕರು, ರಾಯಚೂರು ಜಿಲ್ಲೆ

ಉತ್ತರ: ಸುಳ್ಳಾಗುವುದಿಲ್ಲ, ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನೂ ಜೊತೆಗೇ ಹೇಳಿದರೆ. ನಿಮ್ಮ ತಕ್ಕಡಿ 0.01 ಗ್ರಾಂ ಆಚೀಚೆ ತೋರಿಸುತ್ತದೆಂದುಕೊಳ್ಳೋಣ. 250 ಮಿ.ಲೀ. 0.1 ಮೋಲಾರ್ ಆಕ್ಸಾಲಿಕ್ ಆಮ್ಲಕ್ಕೆ 3.15 ಗ್ರಾಂ ತೂಗಿದರೆ ತಪ್ಪು ಸಾವಿರಕ್ಕೆ ಮೂರರಷ್ಟು. ಅದೇ ಸಾರತೆಯ ಒಂದು ಲೀಟರ್ ದ್ರಾವಣಕ್ಕೆ 12.61 ಗ್ರಾಂ ತೂಗಿದರೆ ಅದೇ ತಕ್ಕಡಿಯ ತಪ್ಪು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ಒರಟು ತಕ್ಕಡಿ ಇರುವವರು ಹೆಚ್ಚು ತೂಗಬೇಕು. ತೆಳು ದ್ರಾವಣ ಬೇಕಿದ್ದರೆ ಗಟ್ಟಿ ದ್ರಾವಣ ಮಾಡಿ, ಅದರಿಂದ 10 ಮಿ.ಲೀ. ಅನ್ನು ಪಿಪೆಟ್ಟಿನಲ್ಲಿ ತೆಗೆದು 100 ಮಿ.ಲೀ. ಫ್ಲಾಸ್ಕಿನಲ್ಲಿ ಗುರುತಿನವರೆಗೆ ತುಂಬಬೇಕು. ಇಲ್ಲಿ ತಕ್ಕಡಿಗಿಂತ ಪಾತ್ರೆಯೇ ಹೆಚ್ಚು ಕೈಕೊಡುತ್ತದೆ. ಒಂದು ಲೀಟರಿನ ಸಾಮಾನ್ಯ ಅಳತೆ ಜಾಡಿಯಲ್ಲಿ ನೂರಕ್ಕೆ ಒಂದರಷ್ಟು ತಪ್ಪಿರಬಹುದು, ಆದರೆ ‘ಎ’ ದರ್ಜೆಯ 250 ಮಿ.ಲೀ. ಫ್ಲಾಸ್ಕಿನಲ್ಲಿ 0.15 ಮಿ.ಲೀ.ಗಿಂತ ಹೆಚ್ಚಿರುವುದಿಲ್ಲ. ಹಣ ಸಿಕ್ಕಾಗ ತಕ್ಕಡಿಗಿಂತ ಮೊದಲು ಎರಡು ಒಳ್ಳೆಯ ಫ್ಲಾಸ್ಕುಗಳನ್ನೂ ರಬ್ಬರ್ ಬಲ್ಬ್ ಇರುವ ಪಿಪೆಟ್ಟನ್ನೂ ತರಿಸಿ. ಆಕ್ಸಾಲಿಕ್ ಆಮ್ಲ ವಿಷ, ಬಾಯಿಂದ ಪಿಪೆಟ್ ಎಳೆಯಲು ಮಕ್ಕಳಿಗೆ ಎಂದಿಗೂ ಬಿಡಬೇಡಿ.

ಬಿಸಿಲಿನ ವಿಷಯವೂ ನಿಜ. ಗಾಜಿನ ಪಾತ್ರೆಗಳ ಗುರುತು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. ನೀರಿನ ಸಾಂದ್ರತೆ ಪ್ರತಿ ಮಿ.ಲೀ.ಗೆ 20 ಡಿಗ್ರಿಯಲ್ಲಿ 0.9982 ಗ್ರಾಂ ಇದ್ದದ್ದು 40 ಡಿಗ್ರಿಯಲ್ಲಿ 0.9922ಕ್ಕೆ ಇಳಿಯುತ್ತದೆ. ಎಂದರೆ ತಣ್ಣನೆಯ ಕೋಣೆಯಲ್ಲಿ ಮಾಡಿದ 0.1000 ಮೋಲಾರ್ ದ್ರಾವಣ ನಿಮ್ಮ ಏಪ್ರಿಲ್ ಮಧ್ಯಾಹ್ನದಲ್ಲಿ ಹಿಗ್ಗಿ 0.0994 ಮೋಲಾರ್ ಆಗಿರುತ್ತದೆ. ಆದರೆ ನೀವು ಅದೇ ಬಿಸಿಲಿನಲ್ಲಿ ಮಾಡಿ ಅದೇ ಬಿಸಿಲಿನಲ್ಲಿ ಬಳಸುವುದಾದರೆ ಈ ವ್ಯತ್ಯಾಸ ಬಹುಪಾಲು ಇಲ್ಲವಾಗುತ್ತದೆ, ಏಕೆಂದರೆ ಗಾಜು ಹಿಗ್ಗುವುದು ನೀರಿಗಿಂತ ತೀರ ಕಡಿಮೆ. ಬಿಸಿನೀರಿನಲ್ಲಿ ಕರಗಿಸಿ ತಣಿಯುವ ಮೊದಲೇ ಗುರುತಿನವರೆಗೆ ತುಂಬುವುದು ಇದಕ್ಕಿಂತ ದೊಡ್ಡ ತಪ್ಪು. ತಣಿದ ಮೇಲೆ ದ್ರವ ಗೆರೆಯಿಂದ ಕೆಳಗಿಳಿದಿರುತ್ತದೆ.

ಪ್ರಶ್ನೆ: ಇಂಥ ದ್ರಾವಣಗಳನ್ನು ಮೊದಲು ಬಳಸಿದವರು ಯಾರು?
— ಓದುಗರು, ಧಾರವಾಡ

ಉತ್ತರ: ಒಬ್ಬರ ಹೆಸರನ್ನೇ ಹೇಳುವುದು ನ್ಯಾಯವಲ್ಲ, ಆದರೆ ಫ್ರಾನ್ಸಿನ ಗೇ-ಲುಸಾಕ್ ಅವರನ್ನು ಬಿಡುವಂತಿಲ್ಲ. ಪ್ಯಾರಿಸ್ಸಿನ ಟಂಕಸಾಲೆಯಲ್ಲಿ ಬೆಳ್ಳಿಯ ಶುದ್ಧತೆಯನ್ನು ಬೆಂಕಿಯಲ್ಲಿ ಕಾಯಿಸಿ ನೋಡುತ್ತಿದ್ದ ಹಳೆಯ ವಿಧಾನದ ಬದಲಿಗೆ, ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಉಪ್ಪಿನ ದ್ರಾವಣದಿಂದ ಅಳೆಯುವ ವಿಧಾನವನ್ನು ಅವರು 1832ರಲ್ಲಿ ಪ್ರಕಟಿಸಿದರು. ಆ ಉಪ್ಪಿನ ದ್ರಾವಣವನ್ನು 100 ಮಿ.ಲೀ. ಸರಿಯಾಗಿ ಒಂದು ಗ್ರಾಂ ಶುದ್ಧ ಬೆಳ್ಳಿಯನ್ನು ಒತ್ತರಿಸುವಂತೆ ಹೊಂದಿಸಿರುತ್ತಿದ್ದರು. ಇಂದಿನ ಲೆಕ್ಕದಲ್ಲಿ ಅದು ಲೀಟರಿಗೆ ಸುಮಾರು 5.42 ಗ್ರಾಂ ಉಪ್ಪು. ಅಡುಗೆಮನೆಯ ಉಪ್ಪು ದೇಶವೊಂದರ ನಾಣ್ಯದ ಸಾಚಾತನವನ್ನು ಅಳೆಯುವ ಸಾಧನವಾದದ್ದು ಸಾರತೆಯ ನಿಖರತೆಯೊಂದರಿಂದಲೇ. ಮುಂದೆ ಜರ್ಮನಿಯ ಮೋರ್ ಅವರು 1855ರ ತಮ್ಮ ಗ್ರಂಥದಲ್ಲಿ ಈ ಕ್ರಮಗಳನ್ನೆಲ್ಲ ಒಂದೆಡೆ ತಂದರು. ನಮ್ಮ ಪಿಯುಸಿ ಪ್ರಯೋಗದ ಮೋರ್ ಲವಣ ಅವರ ಹೆಸರನ್ನೇ ಹೊತ್ತಿದೆ.

ಪ್ರಶ್ನೆ: ಕೊಳವೆಬಾವಿ ನೀರಿನ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಎಂದು ಪ್ರಯೋಗಾಲಯದವರು ವರದಿ ಕೊಟ್ಟಿದ್ದಾರೆ. ಹನಿ ಎಣಿಸಿ ಬಣ್ಣ ನೋಡಿದ್ದನ್ನಷ್ಟೇ ನಾನು ಕಂಡೆ. ಅದರಿಂದ ಇಷ್ಟು ಖಚಿತವಾದ ಅಂಕಿ ಹೇಗೆ ಬರುತ್ತದೆ?
— ಓದುಗರು, ಕೋಲಾರ

ಉತ್ತರ: ಅಲ್ಲಿ ಬಳಸುವ ಇಡಿಟಿಎ (ಗಡಸುತನ ತರುವ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ದ್ರಾವಣದ ಸಾರತೆ 0.01 ಮೋಲಾರ್ ಎಂದು ಕ್ಯಾಲ್ಸಿಯಂ ಕಾರ್ಬೊನೇಟಿನ ಎದುರು ಮೊದಲೇ ಪರೀಕ್ಷಿಸಿರುತ್ತಾರೆ. ಅಂಥ ಒಂದು ಮಿ.ಲೀ. ದ್ರಾವಣ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ನಿಮ್ಮ 50 ಮಿ.ಲೀ. ನೀರಿಗೆ 24 ಮಿ.ಲೀ. ಬಿದ್ದಾಗ ದ್ರಾಕ್ಷಾರಸದಂತಿದ್ದ ಕೆಂಪು ನೀಲಿಯಾಗಿರಬೇಕು. 50ರಲ್ಲಿ 24 ಮಿಲಿಗ್ರಾಂ ಎಂದರೆ ಲೀಟರಿಗೆ 480. ಅದರ ಜೊತೆಗೆ ಹಾಕಿದ ಅಮೋನಿಯಾ ವಾಸನೆಯ ದ್ರಾವಣ ಪಿಎಚ್ ಅನ್ನು ಸುಮಾರು 10ರಲ್ಲಿ ಹಿಡಿದಿಡಲು, ಚಿಟಿಕೆ ಪುಡಿ ಬಣ್ಣ ತೋರಿಸಲು. ಅವೆರಡನ್ನೂ ಕರಾರುವಾಕ್ಕಾಗಿ ಅಳೆಯುವ ಅಗತ್ಯವಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ 200ರ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಭಾಗದಲ್ಲಿ ಗಡಸುತನಕ್ಕಿಂತ ಫ್ಲೋರೈಡಿನ ಚಿಂತೆ ದೊಡ್ಡದು, ಅದರ ಪರೀಕ್ಷೆಯನ್ನೂ ಮಾಡಿಸಿ.

ಪ್ರಶ್ನೆ: ಓಆರ್‌ಎಸ್ ಪೊಟ್ಟಣದ ಮೇಲೆ ಪ್ರತಿಯೊಂದರ ತೂಕವನ್ನೂ ಅಚ್ಚು ಹಾಕಿರುತ್ತಾರೆ. ಹಾಗಾದರೆ ಮನೆಯಲ್ಲಿ ಕಲಸಿದ ಓಆರ್‌ಎಸ್ ಕೂಡ ಪ್ರಮಾಣಿತ ದ್ರಾವಣವೇ?
— ಗೃಹಿಣಿ, ಬಾಗಲಕೋಟೆ

ಉತ್ತರ: ರಸಾಯನಶಾಸ್ತ್ರದ ಅರ್ಥದಲ್ಲಿ ಅಲ್ಲ, ಏಕೆಂದರೆ ಅದರಿಂದ ಇನ್ನೊಂದನ್ನು ಅಳೆಯುವ ಉದ್ದೇಶವಿಲ್ಲ, ಲೀಟರಿನ ಜಗ್ಗಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ದೇಹ ಸಹಿಸಿಕೊಳ್ಳುತ್ತದೆ. ಆದರೆ ಅದು ಹೇಗೆ ಬೇಕಾದರೂ ಕಲಸಬಹುದಾದ ದ್ರಾವಣವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡಿರುವ ಸೂತ್ರದ ಪ್ರಕಾರ ಪೊಟ್ಟಣದಲ್ಲಿ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ ಇರುತ್ತದೆ. ಇದು ಒಂದು ಲೀಟರಿಗೆ. ಅದನ್ನು ಅರ್ಧ ಲೀಟರಿನಲ್ಲಿ ಕಲಸಿದರೆ ಉಪ್ಪು ದುಪ್ಪಟ್ಟಾಗಿ ಮಗುವಿಗೆ ಅಪಾಯ, ಎರಡು ಲೀಟರಿನಲ್ಲಿ ಕಲಸಿದರೆ ಪ್ರಯೋಜನ ಕಡಿಮೆ. ಪೊಟ್ಟಣದಲ್ಲಿ ಅರ್ಧ ಇಂದಿಗೆ, ಅರ್ಧ ನಾಳೆಗೆ ಎಂದು ಕಣ್ಣಳತೆಯಲ್ಲಿ ಭಾಗ ಮಾಡಬೇಡಿ, ಪುಡಿಗಳು ಸಮನಾಗಿ ಹಂಚಿಹೋಗುವುದಿಲ್ಲ. ಸಣ್ಣ ಪೊಟ್ಟಣಗಳೂ ಸಿಗುವುದರಿಂದ ಎಷ್ಟು ನೀರಿಗೆ ಎಂಬುದನ್ನು ಅದರ ಮೇಲೆ ಓದಿಕೊಂಡು, ಕುದಿಸಿ ತಣಿಸಿದ ಅಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕಲಸಿ, 24 ಗಂಟೆಗಳೊಳಗೆ ಮುಗಿಯದೆ ಉಳಿದದ್ದನ್ನು ಚೆಲ್ಲಿಬಿಡಿ.